ಮಷೀನಲ್ಲ, ಮೊದಲು ಬ್ಯಾಟರಿ ನೋಡಿ (ಹೋದ ದಸರಾಕ್ಕೆ ನಾನು ಬರೆದಿದ್ದು ತಪ್ಪು)



ಹೋದ ದಸರಾ ಹೊತ್ತಿಗೆ ಇದೇ ಪೇಜಿನಲ್ಲಿ ಬ್ಯಾಟರಿ ಮೇಲೆ ನಡೆಯೋ ಹುಲ್ಲು ಕಟ್ ಮಾಡೋ ಮಷೀನಿನ ಫೋಟೋ ಹಾಕಿದ್ದೆ. "88 ವೋಲ್ಟ್, ಎರಡು ಬ್ಯಾಟರಿ, ಐದು ಸಾವಿರದ ಒಳಗೆ, ಪೆಟ್ರೋಲ್ ಖರ್ಚಿಲ್ಲ, ಕಣ್ಣು ಮುಚ್ಚಿ ತಗೊಳ್ಳಿ" ಅಂತ ಬರೆದಿದ್ದೆ. ನನ್ನ ಮಾತು ನಂಬಿ ನಮ್ಮ ಕಡೆಯ ಇಬ್ಬರು ರೈತರು ತಗೊಂಡ್ರು. ಇವತ್ತು ಆ ಮಾತು ವಾಪಸ್ ತಗೊಳ್ತಾ ಇದ್ದೀನಿ. ಯಾಕೆ ಅಂತ ಪೂರ್ತಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ.

ಮಷೀನ್ ತಂದಿದ್ದು ಬಳ್ಳಾರಿಯಿಂದ. ಅಂಗಡಿ ಹೆಸರು ಬೇಡ, ಆಸೆ ಪಟ್ಟಿದ್ದು ನಾನೇ. ಮೊದಲ ತಿಂಗಳು ಭತ್ತದ ಗದ್ದೆ ಬದುವಿನ ಹುಲ್ಲು ಚೆನ್ನಾಗಿ ಕತ್ತರಿಸ್ತು. ಆಮೇಲೆ ಹತ್ತು ನಿಮಿಷಕ್ಕೇ ಸುಸ್ತು. ಒಂದು ಬದು ಮುಗಿಯೋದ್ರೊಳಗೆ ಎರಡೂ ಬ್ಯಾಟರಿ ಖಾಲಿ. ಕೊನೆಗೆ ಕುಡಗೋಲೇ ಗತಿ ಆಯ್ತು.

ಅದೇ ಹೊತ್ತಿಗೆ ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಟರಿ ಪಂಪೂ ಕೈ ಕೊಡ್ತು. ಮೆಣಸಿನಗಿಡಕ್ಕೆ ಥ್ರಿಪ್ಸ್ ಬಿದ್ದು ಚಿಗುರೆಲ್ಲ ಮುದುಡೋಕೆ ಶುರುವಾಗಿತ್ತು. 2021ರಲ್ಲಿ ಕಪ್ಪು ಥ್ರಿಪ್ಸ್ ಬಂದು ಬಳ್ಳಾರಿ ಸೀಮೆ ಮೆಣಸಿನಕಾಯಿಯನ್ನ ಹೆಂಗೆ ತಿಂದು ಹಾಕ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಇಬ್ಬರು ಆಳು ಬಂದಿದ್ರು. ಬೆಳೆದ ಗಿಡಕ್ಕೆ ಎಕರೆಗೆ 12 ಟ್ಯಾಂಕ್ ಎಣ್ಣೆ ಬೇಕು. ಪಂಪು ಐದನೇ ಟ್ಯಾಂಕಿಗೆ ನಿಂತುಬಿಡ್ತು. ಹೊಸದಿದ್ದಾಗ ಇದೇ ಪಂಪು 15 ಟ್ಯಾಂಕ್ ಹೊಡೀತಿತ್ತು. ಅವತ್ತಿನ ಕೂಲಿ ಹೋಯ್ತು, ಬೇರೆ ಪಂಪು ಸಿಗೋದ್ರೊಳಗೆ ಮೂರು ದಿನ ಹೋಯ್ತು. ಆ ಮೂರು ದಿನದಲ್ಲಿ ಅರ್ಧ ಎಕರೆ ಗಿಡ ಮುದುಡಿದ್ದು ಮತ್ತೆ ಸರಿಯಾಗಲೇ ಇಲ್ಲ.

ಸಿಟ್ಟಲ್ಲಿ ಪಂಪಿನ ಹಳೇ ಸೀಸದ ಬ್ಯಾಟರಿ ತೆಗೆಸಿ ಲಿಥಿಯಂ ಪ್ಯಾಕ್ ಹಾಕಿಸಿದೆ. ಅದರ ಜೊತೆ ಬೇರೆ ಚಾರ್ಜರ್ ಕೊಟ್ಟಿದ್ರು. ಆದ್ರೆ ಹಳೇ ಚಾರ್ಜರಿನ ಪಿನ್ನೂ ಅದಕ್ಕೇ ಕೂರುತ್ತೆ. ಒಂದಿನ ರಾತ್ರಿ ನನ್ನ ಮಗ, ಒಂಬತ್ತನೇ ಕ್ಲಾಸ್ ಓದೋನು, ಕೈಗೆ ಸಿಕ್ಕ ಹಳೇ ಚಾರ್ಜರ್ ಹಾಕಿ ಶೆಡ್ಡಿನಲ್ಲಿ ಬಿಟ್ಟಿದ್ದ. ಊಟ ಮಾಡ್ತಾ ಕೂತಾಗ ಏನೋ ವಾಸನೆ. ಹೋಗಿ ನೋಡಿದ್ರೆ ಪ್ಯಾಕ್ ರೊಟ್ಟಿ ಉಬ್ಬಿದಂಗೆ ಉಬ್ಬಿತ್ತು. ಮೇನ್ ಸ್ವಿಚ್ ತೆಗೆದು, ಪಂಪನ್ನ ಉದ್ದದ ಕೋಲಿನಿಂದ ಅಂಗಳಕ್ಕೆ ಎಳೆದೆ. ಸ್ವಲ್ಪ ಹೊತ್ತಿಗೆ ಹೊಗೆ ಬಂತು. ಶೆಡ್ಡಿನಲ್ಲಿ ಪಕ್ಕದಲ್ಲೇ ಒಣ ಮೇವು ಇತ್ತು. ದನ ಅಲ್ಲೇ ಕಟ್ಟಿದ್ವು. ಮಗ ನಡುಗ್ತಾ ನಿಂತಿದ್ದ. ಅವನಿಗೆ ಬೈಯೋಕೆ ನನಗೆ ಬಾಯಿ ಬರಲಿಲ್ಲ. ಯಾಕಂದ್ರೆ ಎರಡು ಚಾರ್ಜರಿಗೆ ವ್ಯತ್ಯಾಸ ಐತೆ ಅಂತ ನನಗೇ ಗೊತ್ತಿರಲಿಲ್ಲ.

ಮಾರನೇ ದಿನ ಎರಡನ್ನೂ ಗಾಡಿಗೆ ಹಾಕ್ಕೊಂಡು ಕುರುಗೋಡಿಗೆ ಹೋದೆ. ಅಲ್ಲಿ ನನ್ನ ಬಾಮೈದನ ವೆಲ್ಡಿಂಗ್ ಶಾಪ್ ಐತೆ. ಗೇಟು, ಕಿಟಕಿ ಗ್ರಿಲ್ಲು, ಶೆಡ್ಡು ಮಾಡ್ತಾನೆ. ಬ್ಯಾಟರಿ ಡ್ರಿಲ್ಲು, ಗ್ರೈಂಡರು ಹಿಡಿದೇ ಹೊಟ್ಟೆ ಹೊರೆಯೋನು.

ಅವನು ಹುಲ್ಲಿನ ಮಷೀನಿನ ಬ್ಯಾಟರಿ ಸ್ಕ್ರೂ ಬಿಚ್ಚಿ ಟೇಬಲ್ ಮೇಲೆ ಇಟ್ಟ. "ಎಣಿಸ್ರೀ ಮಾವ" ಅಂದ. ಒಳಗೆ ಇದ್ದಿದ್ದು ಬೆರಳುದ್ದದ ಐದೇ ಐದು ಸೆಲ್.

"ಒಂದು ಸೆಲ್ 3.6 ವೋಲ್ಟ್. ಫುಲ್ ಚಾರ್ಜ್ ಆದ್ರೆ 4.2. ಐದು ಸೇರಿದ್ರೆ 18, ಫುಲ್ ಆದಾಗ 21. 88 ವೋಲ್ಟ್ ಬರಬೇಕಂದ್ರೆ 21 ಸೆಲ್ ಸಾಲಾಗಿ ಬೇಕು. ಈ ಡಬ್ಬಿಯೊಳಗೆ ಎಲ್ಲಿ ಹಿಡಿಸ್ತಾರೆ ಹೇಳ್ರೀ? 88 ಇರೋದು ಸ್ಟಿಕರ್ ಮೇಲೆ ಅಷ್ಟೇ."

ಅವನು ಹೇಳಿದ ಇನ್ನೊಂದು ಮಾತು: ಬಾಷ್, ಮಕಿಟಾದವರು 18 ವೋಲ್ಟ್ ಅಂತ ಬರೀತಾರೆ, ಡಿವಾಲ್ಟ್‌ನವರು 20 ವೋಲ್ಟ್ ಮ್ಯಾಕ್ಸ್ ಅಂತಾರೆ, ಬೇರೆ ಕೆಲವರು 21 ಅಂತಾರೆ. ಮೂರೂ ಅದೇ ಐದು ಸೆಲ್ಲಿನ ಸಾಲು. ನಂಬರ್ ದೊಡ್ಡದು ಅಂತ ತಾಕತ್ತು ಜಾಸ್ತಿ ಅಲ್ಲ.

ಹಂಗಾದ್ರೆ ಏನು ನೋಡಬೇಕು? ವೋಲ್ಟನ್ನ ಆಂಪಿಯರ್ ಅವರ್‌ನಿಂದ ಗುಣಿಸಬೇಕು. ಬರೋದು ವ್ಯಾಟ್ ಅವರ್. ಕಾಲುವೆ ನೀರಿನ ಲೆಕ್ಕದಂಗೆ ತಿಳ್ಕೊಳ್ಳಿ. ವೋಲ್ಟ್ ಅಂದ್ರೆ ನೀರಿನ ಜೋರು, ವ್ಯಾಟ್ ಅವರ್ ಅಂದ್ರೆ ಕೆರೆಯಲ್ಲಿರೋ ನೀರು. ನನ್ನ ಪ್ಯಾಕು 18 ವೋಲ್ಟ್, 2 ಆಂಪಿಯರ್ ಅವರ್, ಅಂದ್ರೆ 36 ವ್ಯಾಟ್ ಅವರ್. ಹುಲ್ಲು ಕತ್ತರಿಸುವಾಗ ಮಷೀನು 200 ವ್ಯಾಟ್ ಎಳೆದ್ರೂ 11 ನಿಮಿಷಕ್ಕಿಂತ ಜಾಸ್ತಿ ಬರಲ್ಲ. ಅದು ಕೆಟ್ಟಿರಲಿಲ್ಲ, ಅದರ ಹೊಟ್ಟೆಯೇ ಅಷ್ಟು.

"ನೀನು ಯಾಕಪಾ ಅಷ್ಟು ದುಡ್ಡು ಕೊಟ್ಟು ಕಂಪನಿ ಮಷೀನ್ ತಗೊಂಡೆ?" ಅಂತ ಕೇಳಿದೆ. "ಮಾವ, ನಾನು ಮಷೀನ್ ತಗೊಳ್ಳಲಿಲ್ಲ, ಬ್ಯಾಟರಿ ತಗೊಂಡೆ" ಅಂದ. ಅವನ ಹತ್ರ ಒಂದೇ ಕಂಪನಿಯ ಎರಡು ದೊಡ್ಡ ಬ್ಯಾಟರಿ, ಒಂದು ಚಾರ್ಜರ್ ಐತೆ. ಡ್ರಿಲ್ಲಿಗೂ ಅದೇ, ಗ್ರೈಂಡರಿಗೂ ಅದೇ. ಮುಂದೆ ಮಷೀನ್ ಮಾತ್ರ ತಗೊಂಡ್ರೆ ಸಾಕು. ಆದ್ರೆ ಸಾಮಾನ್ಯವಾಗಿ ಒಂದು ಕಂಪನಿ ಬ್ಯಾಟರಿ ಇನ್ನೊಂದಕ್ಕೆ ಕೂರಲ್ಲ, ಅದಕ್ಕೇ ಮೊದಲ ಸಲವೇ ಯೋಚನೆ ಮಾಡಿ ತಗೋಬೇಕು. ಹಂಗಂತ ಎಲ್ಲಾದಕ್ಕೂ ಬ್ಯಾಟರಿ ಬಳಸಲ್ಲ ಅವನು. ಶಾಪಿನಲ್ಲಿ ಇಡೀ ದಿನ ಗ್ರೈಂಡಿಂಗ್ ಇದ್ರೆ ವೈರಿನ ಗ್ರೈಂಡರೇ. ಹೊಲದಲ್ಲಿ ಗೇಟ್ ಕೂರಿಸೋಕೆ ಹೋದಾಗ ಮಾತ್ರ ಬ್ಯಾಟರಿ. ನಮಗೂ ಅದೇ ಲೆಕ್ಕ. ಡ್ರಿಪ್ ಪೈಪಿಗೆ ತೂತು, ಬೇಲಿ ಕೆಲಸ, ಚೂರು ಪಾರು ಹುಲ್ಲು ಇದ್ರೆ ಬ್ಯಾಟರಿ ಸರಿ. ಭತ್ತ ಕೊಯ್ಯೋದು, ಎಕರೆಗಟ್ಟಲೆ ಕಳೆ ಇದ್ರೆ ಪೆಟ್ರೋಲ್ ಮಷೀನೇ.

ಪಂಪಿನ ವಿಚಾರಕ್ಕೆ ಬಂದ. ಹಳೇ ಸೀಸದ ಬ್ಯಾಟರಿ ಸತ್ತಿದ್ದು ನನ್ನಿಂದಲೇ. ಫೆಬ್ರವರಿಯಲ್ಲಿ ಕೆಲಸ ಮುಗಿಸಿ ಖಾಲಿ ಬ್ಯಾಟರಿ ಸಮೇತ ಮೂಲೆಗೆ ಇಟ್ಟಿದ್ದೆ. ಮುಂಗಾರಿನವರೆಗೆ ಮುಟ್ಟಲಿಲ್ಲ. ಸೀಸದ ಬ್ಯಾಟರಿ ಖಾಲಿ ಕೂತ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜ್ ಹಿಡಿಯೋದು ಕಮ್ಮಿ ಆಗುತ್ತೆ. ಉಬ್ಬಿದ ಲಿಥಿಯಂ ಪ್ಯಾಕಿನಲ್ಲಿ ಸಾಲಾಗಿ ಮೂರು ಸೆಲ್, ಅದು 12.6 ವೋಲ್ಟಿಗೇ ಫುಲ್. ಸೀಸದ ಚಾರ್ಜರ್ 14.4ರ ತನಕ ತುಂಬುತ್ತೆ. ಒಳ್ಳೆ ಪ್ಯಾಕಿನಲ್ಲಿ ತಡೆಯೋಕೆ ಒಂದು ಬೋರ್ಡ್ ಇರುತ್ತೆ. ನಂದರಲ್ಲಿ ಅದೂ ಇರಲಿಲ್ಲ.

ಕಲಿತಿದ್ದನ್ನ ಬಿಡಿಸಿ ಬರೀತೀನಿ:

1. ಅಂಗಡೀಲಿ ವೋಲ್ಟ್ ಕೇಳಬೇಡಿ, ಬ್ಯಾಟರಿ ಮೇಲಿನ ಆಂಪಿಯರ್ ಅವರ್ ಓದಿ, ಗುಣಿಸಿ. ಎರಡರಲ್ಲಿ ಒಂದು ಬರೆದಿಲ್ಲ ಅಂದ್ರೆ ಬಿಟ್ಟು ಬನ್ನಿ.

2. ಬರೀ ಬ್ಯಾಟರಿ ಬೇರೆ ಸಿಗುತ್ತಾ, ರೇಟ್ ಎಷ್ಟು, ಬ್ಯಾಟರಿಗೆ ವಾರಂಟಿ ಎಷ್ಟು ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿ.

3. ಸೀಸದ ಬ್ಯಾಟರಿ ಕೆಲಸ ಮುಗಿದ ದಿನವೇ ಚಾರ್ಜ್ ಮಾಡಿ. ಪಂಪು ಸುಮ್ಮನೆ ಇದ್ರೂ ತಿಂಗಳಿಗೊಮ್ಮೆ ಮಾಡಿ.

4. ಲಿಥಿಯಂ ಎತ್ತಿಡೋದಾದ್ರೆ ಅರ್ಧ ಚಾರ್ಜಿನಲ್ಲಿ ಇಡಿ. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ಡು ಬೇಡ, ಮನೆ ಒಳಗೆ ತಂಪಿರೋ ಕಡೆ ಇಡಿ. ಬಿಸಿ ಇರೋ ಬ್ಯಾಟರಿ ಆರಿದ ಮೇಲೆ ಚಾರ್ಜಿಗೆ ಹಾಕಿ.

5. ಚಾರ್ಜರ್ ಮೇಲೆ ಪೇಂಟಿನಲ್ಲಿ ಯಾವುದರದ್ದು ಅಂತ ಬರೆದಿಡಿ. ಪಿನ್ ಕೂತ ಮಾತ್ರಕ್ಕೆ ಅದು ಅದರ ಚಾರ್ಜರ್ ಅಲ್ಲ.

6. ಬಂಡೆ ಅಥವಾ ಸಿಮೆಂಟ್ ನೆಲದ ಮೇಲೆ, ಮೇವು, ಹತ್ತಿ, ಚೀಲ ಇಲ್ಲದ ಕಡೆ ಚಾರ್ಜ್ ಮಾಡಿ. ರಾತ್ರಿ ಹಾಕಿ ಮಲಗಬೇಡಿ.

ನನ್ನ ಮಾತು ಕೇಳಿ ಮಷೀನ್ ತಗೊಂಡ ಆ ಇಬ್ಬರ ಮನೆಗೂ ಹೋಗಿ ಇದನ್ನೇ ಹೇಳಿ ಬಂದೆ. ಒಬ್ಬರು ನಕ್ಕು ಟೀ ಕೊಟ್ಟರು. ಇನ್ನೊಬ್ಬರು, ವಯಸ್ಸಾದವರು, "ನೀನು ಬರೆದಿದ್ದಕ್ಕೇ ತಗೊಂಡಿದ್ದೆ ನೋಡಪಾ" ಅಂದ್ರು, ಮತ್ತೇನೂ ಅನ್ನಲಿಲ್ಲ. ಆ ಮಾತು ಇನ್ನೂ ಕಿವಿಯಲ್ಲಿ ಐತೆ. ಇನ್ಮೇಲೆ ಯಾವ ಮಷೀನ್ ಆದ್ರೂ ಒಂದು ಪೂರ್ತಿ ಹಂಗಾಮು ಬಳಸದೆ ಇಲ್ಲಿ ಬರೆಯಲ್ಲ.

ನಮ್ಮ ಮನೆ ಚಾರ್ಜರುಗಳ ಮೇಲೆ ಈಗ ಕೆಂಪು ಪೇಂಟಿನಲ್ಲಿ ಹೆಸರು ಐತೆ. ಬರೆದಿದ್ದು ಮಗ. ಇವತ್ತು ಸಂಜೆ ನೀವೂ ಒಂದ್ಸಲ ನಿಮ್ಮ ಶೆಡ್ಡಿಗೆ ಹೋಗಿ, ಯಾವ ಚಾರ್ಜರ್ ಯಾವುದಕ್ಕೆ ಹಾಕಿದ್ದೀರಿ ಅಂತ ನೋಡಿ ಬನ್ನಿ.