ಅಶೋಕವೂ ಹಾವಸೆಯೂ

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಶಾಲೆಯ ಅಂಗಳದ ಅಶೋಕವೃಕ್ಷವು ಹೂ ಬಿಟ್ಟಾಗ ನೀವೆಲ್ಲರೂ ಅದರ ಸುತ್ತ ನೆರೆಯುತ್ತಿದ್ದಿರಿ. ಬಾವಿಕಟ್ಟೆಯ ಹಾವಸೆಯನ್ನಾದರೋ ಪ್ರತಿ ಮಳೆಗಾಲದಲ್ಲಿಯೂ ನಾವೇ ಕೆರೆಯಿಸಿ ತೆಗೆಸುತ್ತಿದ್ದೆವು.

ಪಶ್ಚಿಮ ಘಟ್ಟಗಳ ಕಾಡಿನಲ್ಲಿ ಅಶೋಕವು ವಿರಳವಾಗುತ್ತಿದೆ. ಸ್ತ್ರೀರೋಗಗಳ ಔಷಧಕ್ಕಾಗಿ ಅದರ ತೊಗಟೆಯನ್ನು ಸುಲಿಯುವರು. ಬುಡದ ಸುತ್ತಲೂ ತೊಗಟೆಯನ್ನು ಕಳೆದುಕೊಂಡ ಮರವು ಒಣಗಿಹೋಗುವುದು. ಆದರೂ ಬೀಜವನ್ನು ಬಿತ್ತಿ ನೀರೆರೆದು ಅದನ್ನು ನಮ್ಮ ಅಂಗಳದಲ್ಲಿಯೇ ಬೆಳೆಸಬಹುದು.

ಹಾವಸೆಗಳಲ್ಲಿಯೂ ಅಳಿವಿನ ಭಯಕ್ಕೆ ಒಳಗಾದವು ಉಂಟು. ಟಿಬೆಟ್ಟಿನ ಎತ್ತರದ ಬಂಡೆಗಳ ಮೇಲೆ ಬೆಳೆಯುವ ತಕಾಕಿಯಾ ಅಂತಹದೊಂದು. ಅದರ ಕುಲವು ಸುಮಾರು 39 ಕೋಟಿ ವರ್ಷಗಳಷ್ಟು ಪುರಾತನವಾದುದು. ಹಿಮಾಲಯವು ತಲೆಯೆತ್ತಿದ್ದೇ ಅದಕ್ಕೆ ಬಹುಕಾಲದ ಅನಂತರ. ವರ್ಷದಲ್ಲಿ ಸುಮಾರು ಎಂಟು ತಿಂಗಳು ಹಿಮದಡಿಯಲ್ಲಿ ಹುದುಗಿದ್ದೂ ಬದುಕುವ ಈ ಸಸ್ಯವು, ಭೂಮಿಯ ಉಷ್ಣತೆಯು ಏರುತ್ತಿರುವುದರಿಂದ ಕ್ಷೀಣಿಸುತ್ತಿದೆಯೆಂದು ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಅದನ್ನು ನಮ್ಮ ಅಂಗಳಕ್ಕೆ ತಂದು ನೆಡಲಾದೀತೇ? ಅದರ ತಣ್ಣನೆಯ ನೆಲೆಯು ಉಳಿದರೆ ಅದೂ ಉಳಿದೀತು.

ಮರವು ನಮ್ಮ ಕೈಗಳ ಆರೈಕೆಯನ್ನು ಬೇಡುವುದು. ಹಾವಸೆಯು ನಮ್ಮ ನಡತೆಯಲ್ಲಿ ಮಿತಿಯನ್ನು ಬೇಡುವುದು. ಎರಡನೆಯದೇ ಕಷ್ಟ. ತರಗತಿಯಲ್ಲಿಯೂ ಹೂ ಬಿಡುವ ಮಕ್ಕಳನ್ನು ನಾವು ಬೇಗನೆ ಗುರುತಿಸಿದೆವು. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿದ್ದು, ಒಂದು ದಿನ ಬಾರದೆಯೇ ಹೋದವಳ ಮನೆಯ ಸ್ಥಿತಿಯನ್ನು ಬಹಳ ತಡವಾಗಿ ವಿಚಾರಿಸಿದೆವು. ಕರ್ತನು ನಮ್ಮನ್ನು ಕ್ಷಮಿಸಲಿ.

ಈ ವರ್ಷ ಬಾವಿಕಟ್ಟೆಯ ಹಿಂಬದಿಯನ್ನು, ಯಾರೂ ಕಾಲಿಡದ ಕಡೆಯಲ್ಲಿ, ಕೆರೆಯಿಸದೆ ಬಿಟ್ಟಿದ್ದೇವೆ. ಶಾಲೆಗೆ ಬಂದಾಗ ಬಾಗಿ ನೋಡಿರಿ.