ಜಿಬ್ರಾಲ್ಟರಿನ ಬಂಡೆಯ ಮೇಲೆ

ನಾವು ದುರ್ಗಗಳನ್ನು ಕಾಣದವರಲ್ಲ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಗುರುಗಳ ಹಿಂದೆ ಹಿಂದೆ ಚಿತ್ರದುರ್ಗದ ಸುತ್ತುಗಳನ್ನೆಲ್ಲ ಬರಿಗಾಲಲ್ಲಿ ಹತ್ತಿಳಿದಿದ್ದೇವೆ; ಬಾದಾಮಿಯ ಬಂಡೆಗಳ ಮೇಲೆ ಮಂಗಗಳೊಡನೆ ಬುತ್ತಿಯನ್ನು ಹಂಚಿಕೊಂಡಿದ್ದೇವೆ. ಅರವತ್ತು ದಾಟಿದ ಮೇಲೆ ಯುರೋಪಿನ ದಕ್ಷಿಣದ ತುದಿಯಲ್ಲಿ ಮತ್ತೊಂದು ಬಂಡೆ, ಮತ್ತೊಂದು ಕೋಟೆ, ಮತ್ತೊಂದು ಮಂಗಗಳ ಹಿಂಡು ನಮಗಾಗಿ ಕಾದಿರಬಹುದೆಂದು ಮಾತ್ರ ಎಣಿಸಿರಲಿಲ್ಲ.

ಮಗಳು ಲಂಡನ್ನಿನಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದವು. ಅವಳು ಅಲ್ಲಿಯ ಪೌರತ್ವ ಪಡೆದು ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿದಳೆಂದು ತಿಳಿದಾಗ ನಾವು ಬಹಳ ನೊಂದೆವು. ನೊಂದೆವು ಎಂಬುದು ಸೌಮ್ಯವಾದ ಮಾತು. ನಿಜ ಹೇಳಬೇಕೆಂದರೆ ಎರಡು ವರ್ಷ ಅವಳೊಡನೆ ಮಾತನ್ನೇ ಬಿಟ್ಟಿದ್ದೆವು. ಭಾನುವಾರದ ದೂರವಾಣಿ ಬಂದರೆ ಅದನ್ನು ನಮ್ಮ ಮನೆಯವರ ಕೈಗಿತ್ತು ಹಿತ್ತಲಿಗೆ ನಡೆಯುತ್ತಿದ್ದೆವು. ಕಡೆಗೆ ಮನೆಯವರೇ ಹಟ ಹಿಡಿದು ನಮ್ಮನ್ನು ೨೦೨೩ರಲ್ಲಿ ಲಂಡನ್ನಿಗೆ ಕರೆದೊಯ್ದರು. ಅಳಿಯಂದಿರಿಗೆ ಸೆಪ್ಟೆಂಬರಿನಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಬ್ರಿಟಿಷ್ ವೀಸಾ ಇದ್ದವರು ಜಿಬ್ರಾಲ್ಟರಿಗೂ ಹೋಗಿಬರಬಹುದೆಂದು ವಿಚಾರಿಸಿ, ಎಲ್ಲರನ್ನೂ ಅಲ್ಲಿಗೆ ಹೊರಡಿಸಿದರು.

ವಿಮಾನದ ಕಿಟಕಿಯಿಂದಲೇ ಬಂಡೆಯ ದರ್ಶನವಾಯಿತು. ಸ್ಪೇನ್ ದೇಶದ ಸಮತಟ್ಟಾದ ಕರಾವಳಿಯಿಂದ ಸಣ್ಣ ಮರಳ ಹಾದಿಯೊಂದು ಕಡಲಿಗೆ ಚಾಚಿ, ಅದರ ತುದಿಯಲ್ಲಿ ೪೨೬ ಮೀಟರ್ ಎತ್ತರದ ಬಿಳಿ ಸುಣ್ಣಕಲ್ಲಿನ ಗುಡ್ಡ ಒಮ್ಮೆಗೇ ಎದ್ದು ನಿಂತಿದೆ. ಉತ್ತರದ ಮುಖ ಕೊಡಲಿಯಿಂದ ಕಡಿದಂತೆ ನೇರ. ಇಡೀ ನಾಡಿನ ವಿಸ್ತೀರ್ಣ ಏಳು ಚದರ ಕಿಲೋಮೀಟರಿಗೂ ಕಡಿಮೆ. ಅಷ್ಟರಲ್ಲಿ ಸುಮಾರು ೩೪,೦೦೦ ಜನ ವಾಸಿಸುತ್ತಾರೆ. ಜಾಗದ ಅಭಾವ ಎಷ್ಟೆಂದರೆ ವಿಮಾನದ ಓಟದ ಹಾದಿಯೂ ಊರಿನ ಹೆದ್ದಾರಿಯೂ ಒಂದನ್ನೊಂದು ಅಡ್ಡ ಹಾಯುತ್ತಿದ್ದವು. ೨೦೨೩ರ ಮಾರ್ಚಿನಲ್ಲಿ ವಾಹನಗಳಿಗೆ ಸುರಂಗಮಾರ್ಗವಾಯಿತು. ಪಾದಚಾರಿಗಳು ಮಾತ್ರ ಈಗಲೂ ವಿಮಾನ ಹೋಗುವವರೆಗೆ ತಡೆಗಂಬದ ಬಳಿ ನಿಂತು, ಆಮೇಲೆ ಓಟದ ಹಾದಿಯನ್ನೇ ದಾಟುತ್ತಾರೆ. ಮೊಮ್ಮಗನಿಗೆ ಇದಕ್ಕಿಂತ ದೊಡ್ಡ ಅದ್ಭುತ ಬೇರೊಂದಿರಲಿಲ್ಲ.

ಹೆಸರಿನ ಹುಟ್ಟು ಸ್ವಾರಸ್ಯವಾದುದು. ಕ್ರಿ.ಶ. ೭೧೧ರಲ್ಲಿ ತಾರಿಕ್ ಇಬ್ನ್ ಜಿಯಾದ್ ಎಂಬ ಸೇನಾನಿ ಆಫ್ರಿಕದಿಂದ ಜಲಸಂಧಿಯನ್ನು ದಾಟಿ ಇಲ್ಲಿ ಬಂದಿಳಿದ. ಅರಬ್ಬೀ ಭಾಷೆಯಲ್ಲಿ ‘ಜಬಲ್ ತಾರಿಕ್’ ಎಂದರೆ ತಾರಿಕನ ಗುಡ್ಡ. ಜನರ ಬಾಯಲ್ಲಿ ಸವೆದು ಸವೆದು ಅದು ಜಿಬ್ರಾಲ್ಟರ್ ಆಯಿತು. ಗುಡ್ಡದ ಇಳಿಜಾರಿನಲ್ಲಿ ಇಂದಿಗೂ ನಿಂತಿರುವ ಮೂರರ ಕೋಟೆಯ ಹಿರಿಯ ಬುರುಜು ಹದಿನಾಲ್ಕನೆಯ ಶತಮಾನದ್ದು. ಅದರ ಗೋಡೆಗಳ ಮೇಲೆ ಗುಂಡಿನ ಗುಳಿಗಳು ಸಿಡುಬಿನ ಕಲೆಗಳಂತೆ ಕಾಣುತ್ತವೆ. ೧೭೦೪ರಲ್ಲಿ ಇಂಗ್ಲಿಷರು ಡಚ್ಚರೊಡಗೂಡಿ ಬಂಡೆಯನ್ನು ಹಿಡಿದರು. ೧೭೧೩ರ ಉಟ್ರೆಕ್ಟ್ ಒಪ್ಪಂದದಲ್ಲಿ ಸ್ಪೇನ್ ಅದನ್ನು ಬಿಟ್ಟುಕೊಟ್ಟಿತು. ಕಾಗದದಲ್ಲಿ ಬಿಟ್ಟರೂ ಮನಸ್ಸಿನಲ್ಲಿ ಬಿಡಲಿಲ್ಲ.

ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಹಾಮುತ್ತಿಗೆಯ ಸುರಂಗಗಳು. ೧೭೭೯ರ ಜೂನಿನಿಂದ ೧೭೮೩ರ ಫೆಬ್ರವರಿಯವರೆಗೆ, ಮೂರು ವರ್ಷ ಏಳು ತಿಂಗಳು, ಸ್ಪೇನ್ ಮತ್ತು ಫ್ರಾನ್ಸ್ ಕೂಡಿ ಈ ಬಂಡೆಯನ್ನು ನೆಲದಿಂದಲೂ ನೀರಿನಿಂದಲೂ ಮುತ್ತಿದವು. ಉತ್ತರದ ಕಡಿದಾದ ಮುಖದಲ್ಲಿ ಮುಂದಕ್ಕೆ ಚಾಚಿದ ಒಂದು ಮೂಲೆಯಿದೆ. ಅಲ್ಲಿ ತೋಪು ಇಟ್ಟರೆ ವೈರಿಯ ಮೋರ್ಚೆಗಳೆಲ್ಲ ಗುರಿಗೆ ಸಿಗುತ್ತವೆ; ಆದರೆ ಹೋಗಲು ದಾರಿಯಿಲ್ಲ. ಹೆನ್ರಿ ಇನ್ಸ್ ಎಂಬ ಸಾರ್ಜೆಂಟ್ ಮೇಜರ್ ಬಂಡೆಯೊಳಗಿನಿಂದಲೇ ದಾರಿ ಕೊರೆಯುವೆನೆಂದು ಮುಂದೆ ಬಂದ. ೧೭೮೨ರ ಮೇ ತಿಂಗಳಲ್ಲಿ ಕೆಲಸ ಹಿಡಿದು ಸುತ್ತಿಗೆ, ಹಾರೆ, ಮದ್ದುಗಳ ಬಲದಿಂದ ೧೩ ಜನ ಐದು ವಾರಗಳಲ್ಲಿ ಸುಮಾರು ೨೫ ಮೀಟರ್ ಕೊರೆದರಂತೆ. ಮದ್ದಿನ ಹೊಗೆಯಿಂದ ಉಸಿರುಗಟ್ಟಿದಾಗ ಗಾಳಿಗಾಗಿ ಹೊರಮೈಗೆ ಒಂದು ಕಿಂಡಿ ತೆಗೆದರು. ಕಿಂಡಿಯಿಂದ ಇಣುಕಿದರೆ ಕೆಳಗೆ ವೈರಿಯ ಪಾಳೆಯವೆಲ್ಲ ಅಂಗೈಯ ಮೇಲೆ ಇಟ್ಟಂತೆ ಕಂಡಿತು! ಮೂಲೆ ತಲುಪುವವರೆಗೆ ಕಾಯದೆ ಅಲ್ಲಿಯೇ ಒಂದು ತೋಪು ಕೂಡಿಸಿದರು. ಮುಂದೆ ಕೊರೆದ ಹಾಗೆಲ್ಲ ಕಿಂಡಿಗಳೂ ತೋಪುಗಳೂ ಹೆಚ್ಚಿದವು. ಮೇಲಿನಿಂದ ಕೆಳಮುಖವಾಗಿ ಹಾರಿಸಲು ತೋಪಿನ ಬಂಡಿಯೇ ಬಾಗುವಂತೆ ಕೋಹ್ಲರ್ ಎಂಬ ಅಧಿಕಾರಿ ರಚಿಸಿದ ಯುಕ್ತಿಯನ್ನೂ ಅಲ್ಲಿ ನೋಡಬಹುದು. ಅದೇ ವರ್ಷ ಸೆಪ್ಟೆಂಬರ್ ೧೩ರಂದು ವೈರಿಗಳು ದಪ್ಪ ಮರದ ಹತ್ತು ತೇಲುವ ಕೋಟೆಗಳನ್ನು ತಂದು ನಿಲ್ಲಿಸಿದಾಗ, ಬಂಡೆಯವರು ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ಗುಂಡುಗಳನ್ನು ಹಾರಿಸಿ ಅವುಗಳಿಗೆ ಬೆಂಕಿ ಹಚ್ಚಿದರು. ಹತ್ತೂ ನಾಶವಾದವು.

ಆಗಿನ ಗವರ್ನರ್ ಜನರಲ್ ಎಲಿಯಟ್ ಕುರಿತು ಒಂದು ಮಾತು ನಮ್ಮ ಓದುಗ ಬಂಧುಗಳಿಗೆ ಪ್ರಿಯವಾದೀತು. ಆತ ಮಾಂಸವನ್ನಾಗಲಿ ಮದ್ಯವನ್ನಾಗಲಿ ಮುಟ್ಟುತ್ತಿರಲಿಲ್ಲ. ಮುತ್ತಿಗೆಯಲ್ಲಿ ಆಹಾರ ತೀರುತ್ತ ಬಂದಾಗ, ಒಬ್ಬ ಮನುಷ್ಯನಿಗೆ ಎಷ್ಟು ಸಾಕೆಂದು ತಿಳಿಯಲು ತಾನೇ ಎಂಟು ದಿನ ದಿನಕ್ಕೆ ನಾಲ್ಕು ಔನ್ಸ್ ಅಕ್ಕಿಯ ಮೇಲೆ ಇದ್ದನೆಂದು ಆ ಕಾಲದವರು ಬರೆದಿಟ್ಟಿದ್ದಾರೆ. ನಾಲ್ಕು ಔನ್ಸ್ ಎಂದರೆ ಒಂದು ಹಿಡಿಗಿಂತ ತುಸು ಹೆಚ್ಚು. ಇದನ್ನು ಕೇಳಿ ನಮ್ಮ ಮನೆಯವರು, “ಹಂಗಂದ್ರ ಒಳ್ಳೆ ಮನಿಶ್ಯಾನೇ ಇರಬೇಕು” ಎಂದು ಸುಲಭವಾಗಿ ಯೋಗ್ಯತಾಪತ್ರ ಕೊಟ್ಟುಬಿಟ್ಟರು. ಯುದ್ಧದಲ್ಲಿ ಆತ ಸುಟ್ಟ ಜೀವಗಳ ಲೆಕ್ಕವನ್ನು ನಾವು ತೆಗೆಯಲಿಲ್ಲ.

ಸುರಂಗದ ತಂಪಿನಲ್ಲಿ ನಡೆಯುತ್ತಿದ್ದಾಗ ನಮಗೆ ಶ್ರೀರಂಗಪಟ್ಟಣ ನೆನಪಾಯಿತು. ಅದು ವೃಥಾ ನೆನಪಲ್ಲ. ಈ ಮುತ್ತಿಗೆಯಲ್ಲಿ ಬಂಡೆಯನ್ನು ಕಾದ ಪಡೆಗಳಲ್ಲಿ ೭೩ನೆಯ ಹೈಲ್ಯಾಂಡರ್ಸ್ ರೆಜಿಮೆಂಟಿನ ಎರಡನೆಯ ತುಕಡಿಯೂ ಇತ್ತು. ಅದೇ ರೆಜಿಮೆಂಟಿನ ಮೊದಲ ತುಕಡಿ ಆ ಹೊತ್ತಿಗೆ ಮದರಾಸಿಗೆ ಬಂದಿಳಿದು ಹೈದರಾಲಿಯ ಎದುರು ನಿಂತಿತ್ತು. ೧೭೮೦ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಪಡೆಯೊಂದನ್ನು ಪೂರ್ತಿಯಾಗಿ ನುಚ್ಚುನೂರು ಮಾಡಿದರಷ್ಟೆ. ಸೆರೆಸಿಕ್ಕವರಲ್ಲಿ ಈ ರೆಜಿಮೆಂಟಿನ ಕ್ಯಾಪ್ಟನ್ ಡೇವಿಡ್ ಬೇರ್ಡ್ ಒಬ್ಬ. ಶ್ರೀರಂಗಪಟ್ಟಣದ ಸೆರೆಯಲ್ಲಿ ೧೭೮೪ರವರೆಗೆ ಕಳೆದ ಆತನೇ ೧೭೯೯ರ ಮೇ ೪ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ನಾಯಕ. ಒಂದೇ ಊರಿನ ಹುಡುಗರು, ಬಹುಶಃ ಒಂದೇ ಮನೆಯ ಅಣ್ಣತಮ್ಮಂದಿರು, ಒಬ್ಬ ಈ ಬಂಡೆಯೊಳಗೆ ಮುತ್ತಿಗೆಗೆ ಸಿಕ್ಕಿ, ಇನ್ನೊಬ್ಬ ಕಾವೇರಿಯ ನಡುಗಡ್ಡೆಯಲ್ಲಿ ಸಂಕೋಲೆ ತೊಟ್ಟು, ಸ್ಕಾಟ್ಲೆಂಡಿನ ತಾಯಿ ಯಾರ ಕಾಗದಕ್ಕಾಗಿ ಕಾದಿದ್ದಳೋ! ಮೊಮ್ಮಗನಿಗೆ ಇದನ್ನು ವಿವರಿಸಹೊರಟರೆ ಅವನು ತೋಪಿನ ಬಾಯಿಯೊಳಗೆ ಕೈಯಿಕ್ಕಿ ನೋಡುವುದರಲ್ಲಿ ತಲ್ಲೀನನಾಗಿದ್ದ.

ಬಂಡೆಯ ಹೊಟ್ಟೆಯಲ್ಲಿ ಇಂತಹ ಸುರಂಗಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇನ್ನೂ ಬೆಳೆದು, ಈಗ ಒಟ್ಟು ಸುಮಾರು ೫೫ ಕಿಲೋಮೀಟರ್ ಉದ್ದವಿವೆ. ಗುಹೆಗಳ ಮಾತೂ ಒಂದಿದೆ: ೧೮೪೮ರಲ್ಲಿ ಇಲ್ಲಿಯ ಕಲ್ಲುಗಣಿಯೊಂದರಲ್ಲಿ ನಿಯಾಂಡರ್ತಾಲ್ ಮಾನವನ ತಲೆಬುರುಡೆ ಸಿಕ್ಕಿತು. ಅದು ಯಾರದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಎಂಟು ವರ್ಷಗಳ ಮೇಲೆ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸಿಕ್ಕ ಎಲುಬುಗಳು ಆ ಕುಲಕ್ಕೆ ಹೆಸರಿತ್ತವು. ಕಡಲಂಚಿನ ಗೋರ್ಹಮ್ ಗುಹೆಗಳು ೨೦೧೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಇನ್ನು ಮಂಗಗಳು. ಇವು ಬಾಲವಿಲ್ಲದ ಬಾರ್ಬರಿ ಮಂಗಗಳು, ಉತ್ತರ ಆಫ್ರಿಕದ ಕುಲ. ನಮ್ಮ ಗುಡಿಗಳ ಮುಂದಿನ ಮಂಗಗಳಿಗೆ ದೂರದ ದಾಯಾದಿಗಳು. ಯುರೋಪಿನಲ್ಲಿ ಸ್ವಚ್ಛಂದವಾಗಿ ಬದುಕುವ ಮಂಗಗಳು ಇವಿಷ್ಟೇ. ಮಂಗಗಳು ಬಂಡೆಯನ್ನು ಬಿಟ್ಟ ದಿನ ಬ್ರಿಟಿಷರೂ ಬಿಡುತ್ತಾರೆಂಬ ನಂಬಿಕೆ ಊರಿನಲ್ಲಿದೆ. ಮಹಾಯುದ್ಧದ ಕಾಲದಲ್ಲಿ ಅವುಗಳ ಸಂಖ್ಯೆ ಬೆರಳೆಣಿಕೆಗೆ ಇಳಿದಾಗ ಚರ್ಚಿಲ್ಲರು ಆಫ್ರಿಕದಿಂದ ಹೊಸವನ್ನು ತರಿಸಿದರು. ದೀರ್ಘಕಾಲ ಸೈನ್ಯವೇ ಇವುಗಳ ಪಾಲನೆ ನೋಡಿ, ಹುಟ್ಟಿದ ಮರಿಗಳಿಗೆ ಹೆಸರಿಟ್ಟು ದಾಖಲೆಯಲ್ಲಿ ಬರೆಯುತ್ತಿತ್ತು. ಗಂಡುಗಳೂ ಮರಿಗಳನ್ನು ಎದೆಗವಚಿಕೊಂಡು ತಿರುಗುವುದನ್ನು ಕಂಡು ಮನೆಯವರು ನಮ್ಮ ಮುಖ ನೋಡಿ ನಕ್ಕರು.

ಇವುಗಳಿಗೆ ತಿನಿಸು ಕೊಡುವುದು ಅಪರಾಧ, ದಂಡವುಂಟು. ವ್ಯಾನಿನ ಚಾಲಕರು ಹತ್ತುವ ಮೊದಲೇ ಎಚ್ಚರಿಸಿದ್ದರು. ಮಗಳೂ, “ಅಪ್ಪಾಜಿ, ಚೀಲದಾಗ ತಿನ್ನೂದು ಏನೂ ಇಲ್ಲ ಹೌದಲ್ಲೊ?” ಎಂದು ಕೇಳಿದ್ದಳು. ಇಲ್ಲವೆಂದೆವು. ಧಾರವಾಡದಿಂದ ತಂದ ಉತ್ತತ್ತಿ ಮತ್ತು ಕೊಬ್ಬರಿಯ ಪೊಟ್ಟಣವೊಂದು ತಳದಲ್ಲಿತ್ತು. ಅದನ್ನು ತಿನಿಸೆಂದು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಂಗ ಹಿಡಿಯಿತು. ಗೋಡೆಯ ಮೇಲೆ ಧ್ಯಾನಸ್ಥನಂತೆ ಕುಳಿತಿದ್ದ ಒಂದು ದೊಡ್ಡ ಗಂಡು, ನಾವು ಆಚೆ ದಡದ ಆಫ್ರಿಕದ ಗುಡ್ಡಗಳನ್ನು ನೋಡುತ್ತಿದ್ದಾಗ, ಹೆಗಲಿನ ಚೀಲವನ್ನು ಕಿತ್ತುಕೊಂಡು ಗೋಡೆಯಾಚೆ ಹಾರಿತು. ಜಿಪ್ಪನ್ನು ನಮಗಿಂತ ಚೆನ್ನಾಗಿ ತೆಗೆಯಿತು. ರಕ್ತದೊತ್ತಡದ ಮಾತ್ರೆ, ಕನ್ನಡಕ, ಆಮೇಲೆ ನಮ್ಮಿಬ್ಬರ ಪಾಸ್‌ಪೋರ್ಟುಗಳು ಒಂದೊಂದಾಗಿ ಹೊರಬಿದ್ದವು. ಒಂದು ಪಾಸ್‌ಪೋರ್ಟು ಇಳಿಜಾರಿನ ಪೊದೆಗೆ ಸಿಕ್ಕಿ ನಿಂತಿತು; ಅದರಾಚೆ ಕೆಳಗೆ ಕಡಲು.

ನಮ್ಮ ಕಾಲುಗಳಲ್ಲಿ ಶಕ್ತಿಯೇ ಉಳಿಯಲಿಲ್ಲ. ಚಾಲಕರು ಕೋಲು ತರಲು ಓಡಿದರು. ಅಷ್ಟರಲ್ಲಿ ಮಗಳು ಗೋಡೆ ದಾಟಿ, ಕಲ್ಲುಗಳನ್ನು ಹಿಡಿದು ಕುಳಿತೇ ಜಾರುತ್ತ ಇಳಿದುಬಿಟ್ಟಳು. ಮಂಗ ಉತ್ತತ್ತಿಯಲ್ಲಿ ಮಗ್ನವಾಗಿತ್ತು. ಮೇಲೆ ಬಂದವಳು ನೀಲಿ ಹೊದಿಕೆಯ ಮೇಲಿನ ಧೂಳನ್ನು ದುಪಟ್ಟಾದಿಂದ ಒರೆಸಿ, ನಾಲ್ಕು ಸಿಂಹಗಳ ಮುದ್ರೆ ಮೇಲೆ ಬರುವಂತೆ ತಿರುಗಿಸಿ ನಮ್ಮ ಕೈಗಿತ್ತಳು. ಮೊಣಕೈ ತರಚಿ ರಕ್ತ ಬಂದಿತ್ತು. ಏನೂ ಅನ್ನಲಿಲ್ಲ. ನಮಗೂ ಏನೂ ಅನ್ನಲಾಗಲಿಲ್ಲ.

ಇಳಿಯುವಾಗ ಆಕಾಶದಲ್ಲಿ ಹದ್ದುಗಳ ಸಾಲು. ಹದಿನಾಲ್ಕು ಕಿಲೋಮೀಟರಿನಷ್ಟು ಕಿರಿದಾದ ಈ ಜಲಸಂಧಿಯ ಮೇಲೆ ಶರತ್ಕಾಲದಲ್ಲಿ ಯುರೋಪಿನ ಹಕ್ಕಿಗಳು ಆಫ್ರಿಕಕ್ಕೆ ಹೋಗುತ್ತವೆ, ವಸಂತದಲ್ಲಿ ಮರಳುತ್ತವೆ.

ಸಂಜೆ ಚಾಲಕರು ನಮ್ಮನ್ನು ಗಡಿಯ ಬೇಲಿಯವರೆಗೆ ಕರೆದೊಯ್ದರು. ನಮ್ಮ ವೀಸಾ ಅಲ್ಲಿಗೆ ಮುಗಿಯುತ್ತದೆ. ಆಚೆ ಸ್ಪೇನಿನ ಲಾ ಲಿನೇಯಾ ಎಂಬ ಊರು. ೧೯೬೭ರಲ್ಲಿ ಜನಮತ ಕೇಳಿದಾಗ ೧೨,೧೩೮ ಜನ ಬ್ರಿಟನ್ ಪರ, ೪೪ ಜನ ಸ್ಪೇನ್ ಪರ. ಸಿಟ್ಟಾದ ಫ್ರಾಂಕೋನ ಸರ್ಕಾರ ೧೯೬೯ರ ಜೂನಿನಲ್ಲಿ ಈ ಬಾಗಿಲು ಮುಚ್ಚಿತು. ದೂರವಾಣಿಯ ತಂತಿಯನ್ನೂ ಕಡಿಯಿತು. ಪಾದಚಾರಿಗಳಿಗೆ ತೆರೆದದ್ದು ೧೯೮೨ರ ಡಿಸೆಂಬರಿನಲ್ಲಿ, ಪೂರ್ತಿಯಾಗಿ ತೆರೆದದ್ದು ೧೯೮೫ರಲ್ಲಿ. ಎರಡೂ ಊರುಗಳ ನಡುವೆ ಮದುವೆಗಳಾಗಿದ್ದವು. ಭಾನುವಾರ ಭಾನುವಾರ ಜನ ಈಚೆ ಆಚೆ ನಿಂತು, ನಡುವಿನ ಬಯಲಿನ ಮೇಲೆ ಕೂಗಿ ಮಾತನಾಡುತ್ತಿದ್ದರು. ಹುಟ್ಟಿದ ಮಗುವನ್ನು ಎತ್ತಿ ತೋರಿಸುತ್ತಿದ್ದರು. ಚಾಲಕರ ತಾಯಿ ಆಚೆ ಊರಿನವರಂತೆ. “ಗಾಳಿ ಜೋರಾಗಿದ್ದ ದಿನ ಅಜ್ಜಿ ಏನು ಹೇಳಿದಳೆಂದು ಕೇಳುತ್ತಲೇ ಇರಲಿಲ್ಲ, ಅಮ್ಮ ಸುಮ್ಮನೆ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದಳು” ಎಂದರು. ಹದಿಮೂರು ವರ್ಷ!

ನಮಗೆ ನಮ್ಮ ಹಿತ್ತಲು ನೆನಪಾಯಿತು. ನಮ್ಮ ಮನೆಯ ತಂತಿಯನ್ನು ಯಾವ ಸರ್ಕಾರವೂ ಕಡಿದಿರಲಿಲ್ಲ.

“ಮೊಣಕೈಗೆ ಅರಿಷಿಣ ಹಚ್ಚಿದಿ ಏನವಾ?” ಎಂದು ಮಗಳನ್ನು ಕೇಳಿದೆವು. “ಇಲ್ಲಿ ಅರಿಷಿಣ ಎಲ್ಲಿಂದ ತರ್ಲಿ ಅಪ್ಪಾಜಿ” ಎಂದಳು. ಪೇಟೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಸಿಂಧಿ ವ್ಯಾಪಾರಿಗಳಿದ್ದಾರೆಂದು ಚಾಲಕರು ಹೇಳಿದ್ದರು. ಮರುದಿನ ಅಂಥ ಅಂಗಡಿಯೊಂದನ್ನು ನಾವೇ ಹುಡುಕಿಕೊಂಡು ಹೋಗಿ ಕೇಳಿದೆವು. ಗಡಿಯಾರ ಮಾರುವ ಆ ಮುದುಕರು, ಅಂಗಡಿಯಲ್ಲಿಲ್ಲವೆಂದು, ಹಿಂದಿನ ಮನೆಯಿಂದ ಒಂದು ಚಮಚದಷ್ಟು ಅರಿಷಿಣವನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟರು, ಹಣ ಮುಟ್ಟಲಿಲ್ಲ.

ಈಗ ಭಾನುವಾರದ ದೂರವಾಣಿಯನ್ನು ನಾವೇ ಎತ್ತುತ್ತೇವೆ. ಮೊದಲು ಮಾತನಾಡುವವನು ಮೊಮ್ಮಗ. “ಅಜ್ಜಾ, ಉತ್ತತ್ತಿ ಬೀಜ ಮಂಗ್ಯಾ ಉಗುಳಿತ್ತೋ, ನುಂಗಿತ್ತೋ?” ಎಂದು ಪ್ರತಿಸಲ ಕೇಳುತ್ತಾನೆ.