ಒಂದೂವರೆ ಅಂಗುಲದಲ್ಲಿ ಹಿಡಿಸದ ಉದ್ಯೋಗ

ಸರಕಾರಿ ನಮೂನೆಗಳಲ್ಲಿ ‘ಉದ್ಯೋಗ’ ಎಂಬ ಪದದ ಮುಂದೆ ಬಿಟ್ಟಿರುವ ಸ್ಥಳ ಒಂದೂವರೆ ಅಂಗುಲವನ್ನು ಮೀರುವುದಿಲ್ಲ. ಮನುಷ್ಯನಾದವನು ಜೀವಮಾನವೆಲ್ಲ ಒಂದೇ ಕಸುಬನ್ನು ಮಾಡಿಕೊಂಡಿರುತ್ತಾನೆಂದು ನಂಬಿದ ಪುಣ್ಯಾತ್ಮರಾರೋ ಅದನ್ನು ರಚಿಸಿರಬೇಕು. ನಾನು ಗಿರಣಿಯ ಗುಮಾಸ್ತನಾಗಿದ್ದೆ. ಸಂಜೆಯ ಹೊತ್ತು ರಾತ್ರಿ ಶಾಲೆಯ ಮೇಷ್ಟ್ರಾಗಿದ್ದೆ. ಸಹಕಾರ ಸಂಘದ ಕಾರ್ಯದರ್ಶಿಯಾದೆ, ಮಹಿಳಾ ಸಂಘಗಳಿಗೆ ಲೆಕ್ಕ ಕಲಿಸಿದೆ, ಸಣ್ಣದೊಂದು ಸೇವಾಸಂಸ್ಥೆಯನ್ನು ನಡೆಸಿದೆ. ಈಗ ಅರುವತ್ತು ದಾಟಿದ ಮೇಲೆ ‘ಸಲಹೆಗಾರ’ನಾಗಿದ್ದೇನೆ. ಈ ಕೊನೆಯ ಪದವಿಯ ಅರ್ಥ ನನ್ನ ಶ್ರೀಮತಿಗೆ ಇನ್ನೂ ಆಗಿಲ್ಲ. ಮನೆಯಲ್ಲಿ ನನ್ನ ಸಲಹೆಗೆ ಬೆಲೆಯಿಲ್ಲದಿರುವಾಗ ಹೊರಗಿನವರು ಏಕೆ ಹಣ ಕೊಡುತ್ತಾರೆಂಬುದು ಆಕೆಯ ಪ್ರಶ್ನೆ.

ನನ್ನೂರು ಜಗಳೂರು. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಆ ವರ್ಷ ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಯಿತು, ಮಳೆ ಬದಲಾಗಲಿಲ್ಲ. ಶೇಂಗಾ ಬಿತ್ತಿ ಮುಗಿಲು ನೋಡುವ ನಾಡಿನಲ್ಲಿ ಒಂದೇ ಕಸುಬನ್ನು ನೆಚ್ಚಿಕೊಂಡಿರುವುದು ಅನುಕೂಲಸ್ಥರಿಗೆ ಮಾತ್ರ ಸಾಧ್ಯ. ನಮ್ಮೂರಿನವರೇ ಆದ ಜೆ. ಮಹಮದ್ ಇಮಾಂ ಸಾಹೇಬರು ಚಿತ್ರದುರ್ಗ ಕ್ಷೇತ್ರದಿಂದ 1957ರಲ್ಲೊಮ್ಮೆ, 1967ರಲ್ಲೊಮ್ಮೆ ಲೋಕಸಭೆಗೆ ಆರಿಸಿ ಹೋದರು. ನಮ್ಮ ಪೈಕಿ ಉಳಿದವರು ಹತ್ತಿಯ ಗಿರಣಿಗಳಿಗಾಗಿ ದಾವಣಗೆರೆಗೆ ಹೋದರು.

ನಾನೂ ಹೋದೆ. ಗಿರಣಿಯ ಹೆಸರು ಇಲ್ಲಿ ಬೇಡ, ಅದು ಈಗಿಲ್ಲ. ಬಾಗಿಲು ಮುಚ್ಚಿದಾಗ ನನಗೆ ಬರಬೇಕಾದ ಮೂರು ತಿಂಗಳ ಸಂಬಳವೂ ಒಳಗೇ ಉಳಿಯಿತು. ಆದರೆ ದಿನದ ಲೆಕ್ಕವನ್ನು ಆ ದಿನವೇ ಮುಗಿಸಿ ಏಳಬೇಕೆಂಬ ಅಭ್ಯಾಸವೊಂದು ನನ್ನೊಡನೆ ಹೊರಗೆ ಬಂತು. ಮುಂದಿನ ನನ್ನ ಅನ್ನಕ್ಕೆಲ್ಲ ಅದೇ ಮೂಲ.

ಊರಿಗೆ ಮರಳಿ ಸಹಕಾರ ಸಂಘದಲ್ಲಿದ್ದಾಗ ಹೆಂಗಸರ ಉಳಿತಾಯ ಸಂಘಗಳ ಸುದ್ದಿ ಕಿವಿಗೆ ಬೀಳತೊಡಗಿತು. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ ಸಂಸ್ಥೆ, ಎಂಬತ್ತರ ದಶಕದಲ್ಲಿ ಹಳ್ಳಿಯ ಬಡವರ ಸಣ್ಣ ಸಣ್ಣ ಸಂಘಗಳನ್ನು ಕಟ್ಟಿ ತೋರಿಸಿತ್ತು. 1992ರಲ್ಲಿ ನಬಾರ್ಡ್ ಇಂಥ 500 ಸಂಘಗಳಿಗೆ ಬ್ಯಾಂಕುಗಳಿಂದ ಸಾಲ ಕೊಡಿಸುವ ಪ್ರಯೋಗವನ್ನು ದೇಶದಲ್ಲಿ ಆರಂಭಿಸಿತು. ಸಂಘಕ್ಕೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರಬಾರದೆಂಬ ಕಟ್ಟಳೆಯ ಗುಟ್ಟನ್ನು ಅನೇಕರು ಕೇಳುತ್ತಾರೆ. ಅದರಲ್ಲಿ ತತ್ತ್ವವೇನೂ ಇಲ್ಲ. ಇಪ್ಪತ್ತು ದಾಟಿದರೆ 1956ರ ಕಂಪೆನಿ ಕಾನೂನಿನ ಪ್ರಕಾರ ನೋಂದಣಿಯಾಗಬೇಕಿತ್ತು! ನಾನು ತರಬೇತುದಾರನಾಗಿ ಹೋದ ಊರುಗಳಲ್ಲಿ ಹಣದ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಬೀಗದ ಕೈ ಮತ್ತೊಬ್ಬಳ ಸೆರಗಿನಲ್ಲಿ ಇರುತ್ತಿತ್ತು. ಅಪನಂಬಿಕೆಯನ್ನು ಇಷ್ಟು ಸೌಜನ್ಯದಿಂದ ಏರ್ಪಡಿಸಿದ ಬೇರೆ ಆಡಳಿತವನ್ನು ನಾನು ಕಂಡಿಲ್ಲ.

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಕೆರೆಗಳ ಜೀರ್ಣೋದ್ಧಾರದ ಯೋಜನೆ ಪ್ರಾರಂಭವಾಯಿತು. ಕೆರೆಯ ಉಸ್ತುವಾರಿಯನ್ನು ಊರವರದೇ ಕೆರೆ ಬಳಕೆದಾರರ ಸಂಘಕ್ಕೆ ವಹಿಸಬೇಕೆಂಬುದು ಅದರ ಜೀವಾಳ. ಆ ವೇಳೆಗೆ ನಾವು ಕೆಲವರು ಸೇರಿ 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಒಂದು ಸಂಸ್ಥೆಯನ್ನು ಮಾಡಿಕೊಂಡಿದ್ದೆವು. ಸಂಸ್ಥೆಯ ಮುಖ್ಯಸ್ಥನೆಂದರೆ ಓದುಗರು ಮೇಜು ಕುರ್ಚಿಗಳನ್ನು ಕಲ್ಪಿಸಿಕೊಳ್ಳಬಾರದು. ತೂಬಿನ ಹತ್ತಿರದ ಗದ್ದೆಯವನಿಗೂ ಅಚ್ಚುಕಟ್ಟಿನ ಕೊನೆಯ ಹೊಲದವನಿಗೂ ನಡುವೆ ಕುಳಿತು ಇಬ್ಬರಿಂದಲೂ ಬೈಸಿಕೊಳ್ಳುವುದೇ ಆ ಹುದ್ದೆ. ಹೂಳೆತ್ತುವುದು ಸುಲಭ. ತೆಗೆದ ಹೂಳು ಯಾರ ಹೊಲಕ್ಕೆ ಎಷ್ಟು ಗಾಡಿ ಎಂಬುದನ್ನು ತೀರ್ಮಾನಿಸುವುದಕ್ಕೆ ಹನ್ನೊಂದು ಸಭೆಗಳು ಬೇಕಾದುದನ್ನು ಬಲ್ಲೆ. ಹನ್ನೆರಡನೆಯದಕ್ಕೆ ಚಹದ ಖರ್ಚನ್ನು ಯಾರೂ ಕೊಡಲಿಲ್ಲವಾದ್ದರಿಂದ ಬೇಗ ಒಮ್ಮತವಾಯಿತು.

ಈಗ ತಾಲೂಕಿಗೆ ಬೇರೆ ಕಾಲ ಬಂದಿದೆ. ಹರಿಹರದ ಬಳಿ ತುಂಗಭದ್ರೆಯ ನೀರನ್ನೆತ್ತಿ ಜಗಳೂರು ತಾಲೂಕಿನ 57 ಕೆರೆಗಳನ್ನು ತುಂಬಿಸುವ ಏತ ನೀರಾವರಿ ಯೋಜನೆಗಾಗಿ ಜನ ಬಹುಕಾಲ ಹೋರಾಡಿದರು. ಸಿರಿಗೆರೆ ತರಳಬಾಳು ಮಠದ ಶ್ರೀಗಳು ಪಟ್ಟ ಶ್ರಮ ಎಲ್ಲರಿಗೂ ತಿಳಿದದ್ದು. ಒಣಗಿದ ಕೆರೆಯಂಗಳಕ್ಕೆ ಕೊಳವೆಯಿಂದ ಹೊಳೆಯ ನೀರು ಧುಮುಕುವುದನ್ನು ಕಂಡು ಕೈಮುಗಿದವರಲ್ಲಿ ನಾನೂ ಒಬ್ಬ. ಆದರೆ ನನ್ನನ್ನು ಕಾಡುವ ಚಿಂತೆಯೊಂದಿದೆ. ಮಳೆಯಿಂದ ತುಂಬುವ ಕೆರೆಗೆ ಕಾಲುವೆ ಕೆರೆಯುವವರು ಬೇಕು, ಏರಿ ನೋಡುವವರು ಬೇಕು, ತೂಬಿನ ಬಳಿ ನೀರುಗಂಟಿ ಬೇಕು. ಪಂಪಿನಿಂದ ತುಂಬುವ ಕೆರೆಗೆ ಇವರಾರೂ ಬೇಡವೆಂದು ಊರು ನಂಬಿಬಿಟ್ಟರೆ? ಕೆಲವು ಸಂಘಗಳ ನಡಾವಳಿ ಪುಸ್ತಕ ಬಿಡಿಸಿ ನೋಡಿದೆ. ಬಹಳ ದಿನಗಳಿಂದ ಒಂದು ಸಹಿಯೂ ಇರಲಿಲ್ಲ.

ಆದ್ದರಿಂದಲೇ ಈ ವಯಸ್ಸಿನಲ್ಲಿ ಸಲಹೆಗಾರನ ವೇಷ. ದೊಡ್ಡ ಸಂಸ್ಥೆಗಳು ಕರೆದರೆ ಹೋಗುತ್ತೇನೆ, ಸಂಭಾವನೆಯನ್ನು ಕೇಳಿಯೇ ಪಡೆಯುತ್ತೇನೆ. ಊರಿನ ಸಂಘಗಳಿಂದಲೂ ಅಲ್ಪ ಶುಲ್ಕ ತೆಗೆದುಕೊಳ್ಳುತ್ತೇನೆಂದು ಹೇಳಿದಾಗ ಹಳೆಯ ಗೆಳೆಯರು ಹುಬ್ಬು ಗಂಟಿಕ್ಕಿದರು. ಸೇವೆಗೆ ಬೆಲೆ ಕಟ್ಟಬಹುದೆ ಎಂದರು. ಅವರ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೂ ಪುಕ್ಕಟೆ ಬಂದ ಸಲಹೆಯನ್ನು ಕೇಳಿ ಜನ ತಲೆದೂಗುತ್ತಾರೆ. ತಾವು ಹಣ ತೆತ್ತ ಸಲಹೆಯಾದರೆ ಮರುಪ್ರಶ್ನೆ ಹಾಕುತ್ತಾರೆ. ಸಂಘ ಬದುಕಿದೆಯೆಂಬುದಕ್ಕೆ ಆ ಮರುಪ್ರಶ್ನೆಗಿಂತ ಬೇರೆ ಗುರುತು ನನಗೆ ಬೇಡ.

ಹೋದ ಬೇಸಗೆ ಒಂದು ಹಳ್ಳಿಯಲ್ಲಿ ಕೆರೆ ಸಂಘದ ಸಭೆ ಬಹುಕಾಲದ ಮೇಲೆ ಸೇರಿತು. ನೀರುಗಂಟಿಯ ಸಂಬಳವನ್ನು ಎಕರೆಯ ಲೆಕ್ಕದಲ್ಲಿ ಹಂಚಿ ಬರೆದದ್ದಾಯಿತು. ನನ್ನ ಐನೂರು ರೂಪಾಯಿಯನ್ನು ಖಜಾಂಚಿಯಾದ ವೃದ್ಧೆಯೊಬ್ಬರು ಎರಡು ಸಲ ಎಣಿಸಿ ಮುಂದಿಟ್ಟರು. ನಾನು ತೆಗೆದುಕೊಂಡು ಎದ್ದೆ.

“ಕೂಡ್ರಿ ಮೇಷ್ಟ್ರೇ,” ಎಂದರು ಆಕೆ, “ರಸೀತಿ ಯಾರು ಬರೀತಾರೆ?”